ನರಸಿಂಹನ ನಂತರ ಪರಶುರಾಮ: ಎರಡನೆಯ ಭಾಗ ಹೊರಬೇಕಾದ ಭಾರ

'ಮಹಾವತಾರ್ ನರಸಿಂಹ' 2025ರ ಜುಲೈ 25ರಂದು ತೆರೆಗೆ ಬಂದಾಗ ಅದರ ಬಗ್ಗೆ ದೊಡ್ಡ ನಿರೀಕ್ಷೆಯೇನೂ ಇರಲಿಲ್ಲ. ಪೋಸ್ಟರಿನಲ್ಲಿ ತಾರೆಯರಿಲ್ಲ, ನಿರ್ದೇಶಕ ಅಶ್ವಿನ್ ಕುಮಾರ್ ಹೆಸರು ಹೆಚ್ಚು ಜನರಿಗೆ ಗೊತ್ತಿಲ್ಲ, ಮೇಲಾಗಿ ಅದು ಆ್ಯನಿಮೇಶನ್. ಆದರೂ ಮೊಮ್ಮಕ್ಕಳ ಜೊತೆ ಅಜ್ಜ ಅಜ್ಜಿಯರೂ ಚಿತ್ರಮಂದಿರಕ್ಕೆ ಬಂದರು, ಗಳಿಕೆ 300 ಕೋಟಿ ರೂಪಾಯಿ ದಾಟಿತೆಂದು ವರದಿಯಾಯಿತು. ಬೆಂಗಳೂರಿನ ಹೊಂಬಾಳೆ ಫಿಲ್ಮ್ಸ್ ಮತ್ತು ಕ್ಲೀಮ್ ಪ್ರೊಡಕ್ಷನ್ಸ್ ಬಿಡುಗಡೆಗೆ ಮೊದಲೇ ಇಡೀ ಸರಣಿಯ ಪಟ್ಟಿ ಕೊಟ್ಟಿದ್ದವು: 2027ಕ್ಕೆ ಪರಶುರಾಮ, 2029ಕ್ಕೆ ರಘುನಂದನ, ಹೀಗೆ ಎರಡೆರಡು ವರ್ಷಕ್ಕೊಂದರಂತೆ 2037ರ ಕಲ್ಕಿಯವರೆಗೆ. ಮುಂದಿನದು ಮೊದಲಿನದಕ್ಕೆ ಸಾಟಿಯಾದೀತೆ ಎಂದು ಚಿತ್ರ ಬರುವ ಮೊದಲೇ ಹೇಳಲಾಗದು. ಆದರೆ ನಮ್ಮ ಪುರಾಣ ಆ್ಯನಿಮೇಶನ್ನಿನ ಎರಡನೆಯ ಭಾಗಗಳು ಇದುವರೆಗೆ ಎಲ್ಲಿ ಎಡವಿವೆ ಎಂಬುದು ಕಣ್ಣ ಮುಂದಿದೆ. ಪರಶುರಾಮನ ಕತೆಯನ್ನು ಯಾವ ಅಳತೆಗೋಲಿನಿಂದ ಅಳೆಯಬೇಕೆಂಬುದು ಚಿಕ್ಕೋಡಿ, ಅಥಣಿ, ರಾಯಬಾಗ ಕಡೆಯ ಜನಕ್ಕೆ ಯಾರೂ ಹೇಳಿಕೊಡಬೇಕಿಲ್ಲ.

ಈ ಪುರಾಣ ಆ್ಯನಿಮೇಶನ್ ಪಂಥಕ್ಕೆ ಬುನಾದಿ ಹಾಕಿದ್ದು 1993ರ 'ರಾಮಾಯಣ: ದಿ ಲೆಜೆಂಡ್ ಆಫ್ ಪ್ರಿನ್ಸ್ ರಾಮ'. ಜಪಾನಿನ ಯುಗೋ ಸಾಕೊ ಮತ್ತು ನಮ್ಮ ರಾಮ್ ಮೋಹನ್ ಕೂಡಿ ಮಾಡಿದ ಆ ಚಿತ್ರ ಆಗ ಚಿತ್ರಮಂದಿರದಲ್ಲಿ ಅಷ್ಟಾಗಿ ಕಾಣಲಿಲ್ಲ. ಟಿವಿಯಲ್ಲಿ ನೋಡಿ ಬೆಳೆದ ಪೀಳಿಗೆಯೇ ಅದನ್ನು ಉಳಿಸಿಕೊಂಡಿತು, 2025ರ ಜನವರಿಯಲ್ಲಿ ಅದು ಮತ್ತೆ ತೆರೆ ಕಂಡಿತು. ಮಾರುಕಟ್ಟೆ ತೆರೆದದ್ದು ಮಾತ್ರ ವಿ.ಜಿ. ಸಾಮಂತ್ ಅವರ 2005ರ 'ಹನುಮಾನ್'. ಸೂರ್ಯನನ್ನು ಹಣ್ಣೆಂದು ಹಿಡಿಯಲು ಹಾರುವ ಮರಿ ಹನುಮನ ತುಂಟತನವೇ ಆ ಚಿತ್ರದ ಜೀವ. ಅವನು ಬೆಳೆದು ರಾಮಕಾರ್ಯಕ್ಕೆ ಹೊರಟ ಮೇಲೆ ಕತೆ ಅವಸರದಲ್ಲಿ ಓಡುತ್ತದೆ, ಪ್ರಸಂಗದ ಮೇಲೆ ಪ್ರಸಂಗ ಬಂದು ಹೋಗುತ್ತದೆ. ಮಕ್ಕಳು ನೆನಪಿಟ್ಟುಕೊಂಡದ್ದು ಮೊದಲರ್ಧವನ್ನು. ನಿರ್ಮಾಪಕರು ಅದನ್ನು ಸರಿಯಾಗಿಯೇ ಗಮನಿಸಿದರು, ಮುಂದೆ ತೆರೆಯ ಮೇಲೆ ಬಾಲ ದೇವರುಗಳ ಸಾಲೇ ನಿಂತಿತು.

2007ರ ಕೊನೆಗೆ ಬಂದ 'ರಿಟರ್ನ್ ಆಫ್ ಹನುಮಾನ್' ಈ ಪಂಥದ ಅತ್ಯಂತ ಕುತೂಹಲದ ಎರಡನೆಯ ಭಾಗ. ನಿರ್ದೇಶಕ ಅನುರಾಗ್ ಕಶ್ಯಪ್. ಸ್ವರ್ಗದಲ್ಲಿ ಬೇಸತ್ತ ಹನುಮ ಬ್ರಹ್ಮನ ಒಪ್ಪಿಗೆ ಪಡೆದು ಮಾರುತಿ ಎಂಬ ಹುಡುಗನಾಗಿ ಈ ಕಾಲದಲ್ಲಿ ಹುಟ್ಟುತ್ತಾನೆ, ಶಾಲೆಗೆ ಹೋಗುತ್ತಾನೆ, ಪುಂಡ ಹುಡುಗರಿಂದ ಏಟು ತಿನ್ನುವ ಗೆಳೆಯನ ಪರ ನಿಲ್ಲುತ್ತಾನೆ. ದೇವಲೋಕ ಒಂದು ಕಚೇರಿಯ ಹಾಗೆ ನಡೆಯುತ್ತದೆ. ಧೈರ್ಯದ ಹೆಜ್ಜೆ ಇದು. ಮೊದಲ ಭಾಗದಲ್ಲಿ ಮುಗಿದ ಕತೆಯನ್ನು ಹಿಗ್ಗಿಸುವ ಬದಲು, ಆ ದೇವರು ಇವತ್ತಿನ ಹುಡುಗನಿಗೆ ಏನಾಗಬಲ್ಲ ಎಂದು ಚಿತ್ರ ಕೇಳಿತು. ಆದರೆ ಉತ್ತರ ಕೊಡುವ ಹೊತ್ತಿಗೆ ಧೈರ್ಯ ಸಾಲಲಿಲ್ಲ. ಏಟು ತಿನ್ನುವ ಹುಡುಗನ ಕತೆ ಹಿಂದೆ ಸರಿಯಿತು. ಮಾಲಿನ್ಯದಿಂದ ಹುಟ್ಟಿದ ರಾಕ್ಷಸರು, ರಾಹು ಕೇತು, ಕೊನೆಗೊಂದು ದೊಡ್ಡ ಕಾಳಗ ಮುಂದೆ ಬಂದವು. ಅಂಜುವ ಹುಡುಗನ ಬೆನ್ನಿಗೆ ಹನುಮ ಇದ್ದಾನೆ ಎಂದಿತೇ ಹೊರತು, ಹನುಮ ಇಲ್ಲದ ದಿನ ಆ ಹುಡುಗ ಏನು ಮಾಡಬೇಕು ಎಂಬಲ್ಲಿಗೆ ಹೋಗಲಿಲ್ಲ.

ಉಳಿದವು ಅಷ್ಟೂ ದೂರ ಹೋಗಲಿಲ್ಲ. 2007ರ 'ಬಾಲ್ ಗಣೇಶ್' ಬಿಡಿ ಕತೆಗಳ ಮಾಲೆ. 2009ರ ಎರಡನೆಯ ಭಾಗ ಅದೇ ದಾರಕ್ಕೆ ಇನ್ನಷ್ಟು ಹೂ ಪೋಣಿಸಿತು. 2008ರಲ್ಲಿ ಟಿವಿಗೆ ಬಂದ 'ಛೋಟಾ ಭೀಮ್' 2012ರಲ್ಲಿ ದೊಡ್ಡ ತೆರೆಗೂ ಬಂದ. ಎಲ್ಲಿಗೆ ಹೋದರೂ ಅದೇ ಲಡ್ಡು, ಅದೇ ಗುದ್ದು. ಇದರಲ್ಲಿ ಮಕ್ಕಳಿಗೆ ಖುಷಿ ಇಲ್ಲವೆಂದಲ್ಲ. ಕಂಡ ಮುಖವನ್ನೇ ಮತ್ತೆ ಕಾಣುವುದು ಅವರಿಗೆ ಹಿತ. ಆದರೆ ಎರಡನೆಯ ಸಲ ನೋಡಿದಾಗ ಮೊದಲನೆಯದು ಇನ್ನೊಂದು ಬಗೆಯಲ್ಲಿ ಕಾಣಬೇಕು, ಆಗಲೇ ಎರಡನೆಯ ಭಾಗ ಸಾರ್ಥಕ. ಪಿಕ್ಸಾರ್ ಸಂಸ್ಥೆ 1995ರ 'ಟಾಯ್ ಸ್ಟೋರಿ'ಯನ್ನು 2010ರ ಮೂರನೆಯ ಭಾಗಕ್ಕೆ ಒಯ್ದಾಗ ಆಟಿಕೆಗಳ ಒಡೆಯ ಆ್ಯಂಡಿ ಕಾಲೇಜಿಗೆ ಹೊರಟು ನಿಂತಿದ್ದ. ಮೊದಲ ಭಾಗ ನೋಡಿದ ಮಕ್ಕಳಿಗೂ ಅಷ್ಟೇ ವಯಸ್ಸಾಗಿತ್ತು. ಆಟಿಕೆಗಳ ಸಾಹಸವನ್ನು ಬೇರ್ಪಡುವ ಸಂಕಟ ಮೀರಿಸಿತು. ನಮ್ಮ ಪಂಥದಲ್ಲಿ ನೋಡುವ ಮಗು ಬೆಳೆಯುತ್ತದೆ, ತೆರೆಯ ಮೇಲಿನ ದೇವರು ಬೆಳೆಯುವುದಿಲ್ಲ.

'ಮಹಾವತಾರ್ ನರಸಿಂಹ' ಈ ಬಾಲ ದೇವರ ದಾರಿಯಿಂದ ಹೊರಬಂದದ್ದೇ ಅದರ ಗೆಲುವು. ಕಶ್ಯಪ ಮತ್ತು ದಿತಿಯಿಂದ ಕತೆ ತೊಡಗಿ, ವರಾಹಾವತಾರ ಹಾದು, ಪ್ರಹ್ಲಾದನಿಗೆ ಬರುತ್ತದೆ. ಕುಂದುಗಳಿವೆ. ಮಾತಾಡುವ ದೃಶ್ಯಗಳಲ್ಲಿ ಮುಖಗಳು ಮರಗಟ್ಟಿದಂತಿವೆ, ಜನರ ನಡಿಗೆಗೆ ತೂಕವಿಲ್ಲ, ವರಾಹನ ಯುದ್ಧ ಬೇಕಾದುದಕ್ಕಿಂತ ಉದ್ದ. ಆದರೆ ಕಂಬ ಒಡೆದ ಮೇಲೆ ಚಿತ್ರ ಬೇರೆಯೇ ಆಗುತ್ತದೆ. ನರಸಿಂಹನ ಉಗ್ರತೆಗೆ ಬಣ್ಣ ಹಚ್ಚಿ ಮೃದು ಮಾಡಿಲ್ಲ, ಮಕ್ಕಳು ಅಂಜಿಯಾರೆಂದು ಕಣ್ಣು ಮರೆಸಿಲ್ಲ. ತಂದೆಯನ್ನು ಸೀಳಿದ ದೇವರ ಮುಂದೆ ಮಗ ಕೈ ಮುಗಿದು ನಿಲ್ಲುವ ಗಳಿಗೆಯಲ್ಲಿ ಹಬ್ಬ ಮತ್ತು ಹೆದರಿಕೆ ಎರಡೂ ಒಟ್ಟಿಗಿವೆ. 1983ರ 'ಭಕ್ತ ಪ್ರಹ್ಲಾದ'ದಲ್ಲಿ ರಾಜ್‌ಕುಮಾರ್ ಅವರ ಹಿರಣ್ಯಕಶಿಪುವನ್ನೂ ಬಾಲಕ ಪುನೀತ್ ಅವರ ಪ್ರಹ್ಲಾದನನ್ನೂ ಎದೆಗೆ ಹಚ್ಚಿಕೊಂಡ ಕನ್ನಡಿಗರು ಈ ಚಿತ್ರವನ್ನೂ ಒಪ್ಪಿಕೊಂಡರೆಂದರೆ ಅದು ಸಣ್ಣ ಮಾತಲ್ಲ.

ನಮ್ಮ ಈ ಸೀಮೆಗೆ ಆ ಚಿತ್ರ ಕನ್ನಡದಲ್ಲಿ ಬಂದದ್ದೂ ಮುಖ್ಯ. ಡಬ್ಬಿಂಗ್ ಮೇಲಿನ ಅಘೋಷಿತ ನಿಷೇಧಕ್ಕೆ 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಪೆಟ್ಟು ಕೊಡುವವರೆಗೂ ನಮ್ಮ ಮಕ್ಕಳ ಪಾಲಿಗೆ ಕಾರ್ಟೂನ್ ದೇವರುಗಳು ಹೆಚ್ಚಾಗಿ ಹಿಂದಿಯಲ್ಲೇ ಮಾತಾಡಿದವು. ಮರಾಠಿ ಹಿಂದಿ ಕಿವಿಗೆ ಬಿದ್ದೇ ಬೆಳೆಯುವ ನಿಪ್ಪಾಣಿ, ಕಾಗವಾಡದ ಮಕ್ಕಳಿಗೆ ಅದು ಅಷ್ಟು ತೊಡಕಾಗಲಿಲ್ಲ. ಕನ್ನಡವೊಂದೇ ಬಲ್ಲ ಹಳ್ಳಿಯ ಅಜ್ಜಿ ಮಾತ್ರ ಮೊಮ್ಮಗನ ಪಕ್ಕದಲ್ಲಿ ಕೂತೂ ಹೊರಗಿನವಳಾದಳು. ಅವಳಿಗೆ ಮಾತು ತಿಳಿದ ದಿನ ವಿಮರ್ಶೆಯೂ ಶುರುವಾಗುತ್ತದೆ, ಏಕೆಂದರೆ ಆ ಕತೆ ಅವಳಿಗೆ ಮೊದಲೇ ಗೊತ್ತು.

ಗೊತ್ತಿರುವ ಕತೆಯನ್ನು ಎರಡನೆಯ ಸಲ ಹೇಳಿ ಗೆಲ್ಲುವುದು ಹೇಗೆಂಬುದಕ್ಕೆ ಇಲ್ಲೇ ನೆರೆಯಲ್ಲಿ ದೊಡ್ಡ ಉದಾಹರಣೆಯಿದೆ. ನಮ್ಮ ಜನಪದ ರಂಗದ ಶ್ರೀಕೃಷ್ಣ ಪಾರಿಜಾತವನ್ನು ಮೊದಲು ಬರೆದವನು ಅಪರಾಳ ತಮ್ಮಣ್ಣ. ಅದನ್ನು ಆಟಕ್ಕೆ ಒಗ್ಗಿಸಿ ಊರೂರಿಗೆ ಮುಟ್ಟಿಸಿದವನು ರಾಯಬಾಗದಿಂದ ಬಹಳ ದೂರವಿಲ್ಲದ ಕುಲಗೋಡದ ತಮ್ಮಣ್ಣ. ಒಂದು ಹೂವಿಗಾಗಿ ರುಕ್ಮಿಣಿ ಸತ್ಯಭಾಮೆಯರ ನಡುವೆ ಎದ್ದ ಮತ್ಸರದ ಕತೆ ಬದಲಾಗಲಿಲ್ಲ, ಅದರೊಳಗೆ ಮನೆ ಬಂತು. ದ್ವಾರಕೆಯ ರಾಣಿಯ ಸಿಟ್ಟಿನಲ್ಲಿ ಉತ್ತರ ಕರ್ನಾಟಕದ ಗರತಿಯ ಸಿಟ್ಟು ಕೇಳಿಸಿತು. ಭಾಗವತ ಕತೆ ನಡೆಸುತ್ತಲೇ ಪಾತ್ರಗಳನ್ನು ಕೆಣಕಿದ, ಕೃಷ್ಣನನ್ನೂ ಬಿಡಲಿಲ್ಲ. ಕೌಜಲಗಿ ನಿಂಗಮ್ಮನಂಥ ಕಲಾವಿದೆಯ ಕೈಗೆ ಬಂದಾಗ ಅದಕ್ಕೆ ಮತ್ತೊಂದು ಹುಟ್ಟು ಬಂತು. ಇವತ್ತು ಪಾರಿಜಾತ ಎಂದರೆ ಜನಕ್ಕೆ ನೆನಪಾಗುವುದು ಎರಡನೆಯ ತಮ್ಮಣ್ಣನದೇ. ಅವನು ಕತೆಯನ್ನು ದೊಡ್ಡದು ಮಾಡಲಿಲ್ಲ, ಹತ್ತಿರಕ್ಕೆ ತಂದ.

ಇದೇ ಮಾತನ್ನು ಪರಶುರಾಮನಿಗೆ ಹಚ್ಚಿ ನೋಡಬೇಕು. ಶಾಸ್ತ್ರದ ಪರಶುರಾಮ ಸಹಸ್ರಬಾಹು ಕಾರ್ತವೀರ್ಯನನ್ನು ಕೊಂದವನು, ಇಪ್ಪತ್ತೊಂದು ಸಲ ಕ್ಷತ್ರಿಯರನ್ನು ಸಂಹರಿಸಿದವನು. ಆ್ಯನಿಮೇಶನ್ನಿಗೆ ಹೇಳಿ ಮಾಡಿಸಿದ ಸರಕು. ಆದರೆ ಈ ಸೀಮೆಯಲ್ಲಿ ಅವನು ಮೊದಲು ಯಲ್ಲಮ್ಮನ, ಅಂದರೆ ರೇಣುಕೆಯ, ಮಗ. ಅಥಣಿ ತಾಲ್ಲೂಕಿನ ಕೊಕಟನೂರಿನಲ್ಲಿ ಯಲ್ಲಮ್ಮನ ಗುಡಿಯಿದೆ. ಕೊಲ್ಲಾಪುರ ಕಡೆಯ ಭಕ್ತರು 'ಉಧೋ ಉಧೋ' ಎನ್ನುತ್ತ ನಿಪ್ಪಾಣಿ ಹಾದು ಸವದತ್ತಿಗೆ ಹೋಗುತ್ತಾರೆ. ಮರದ ಕೊಳವಿಗೆ ಚರ್ಮ ಬಿಗಿದು ತಂತಿ ಎಳೆದ ಚೌಡಿಕೆ ಹಿಡಿದು ಜೋಗತಿಯರು ಹಾಡುವ ಕತೆ ಕೊಡಲಿಯಿಂದ ತೊಡಗುವುದಿಲ್ಲ, ಹೊಳೆಯಿಂದ ತೊಡಗುತ್ತದೆ. ರೇಣುಕೆ ಬೆಳಗಾದರೆ ಉಸುಕಿನಿಂದ ಕೊಡ ಮಾಡುತ್ತಾಳೆ, ಹಾವನ್ನು ಸಿಂಬಿ ಸುತ್ತಿ ತಲೆಯ ಮೇಲಿಡುತ್ತಾಳೆ. ಒಂದು ದಿನ ನೀರಾಟವಾಡುವ ಗಂಧರ್ವರ ಕಡೆ ಗಳಿಗೆ ಹೊತ್ತು ಮನಸ್ಸು ಹೋಯಿತು, ಕೊಡ ನಿಲ್ಲಲಿಲ್ಲ. ಗಂಡ ಜಮದಗ್ನಿ ಅವಳ ತಲೆ ಕಡಿಯಿರೆಂದು ಮಕ್ಕಳಿಗೆ ಹೇಳಿದಾಗ ಅಣ್ಣಂದಿರು ಒಲ್ಲೆವೆಂದು ಶಾಪ ಉಂಡರು, ಕಿರಿಯವನು ಕೊಡಲಿ ಎತ್ತಿದ. ಆಮೇಲೆ ತಾಯಿಯ ಜೀವವನ್ನೇ ವರವಾಗಿ ಬೇಡಿದ. ಕೆಲವು ಪಾಠಗಳಲ್ಲಿ ಎದ್ದು ಬಂದವಳ ಮೈ ರೇಣುಕೆಯದು, ತಲೆ ಮಾತಂಗಿಯೆಂಬ ಇನ್ನೊಬ್ಬಳದು.

ಪ್ರಹ್ಲಾದನ ಕತೆಗೆ ಇದು ಸರಿಯಾಗಿ ಎದುರು ನಿಲ್ಲುತ್ತದೆ. ಅಲ್ಲಿ ಮಗ ತಂದೆಯ ಮಾತು ಮೀರಿ ಉಳಿದ. ಇಲ್ಲಿ ಮಗ ತಂದೆಯ ಮಾತು ಕೇಳಿ ತಾಯಿಯನ್ನು ಕಡಿದ. ಮೊದಲ ಚಿತ್ರ ನೋಡಿ ಬಂದ ಮಗು ಎರಡನೆಯದನ್ನು ನೋಡುವಾಗ ಕೇಳಿಯೇ ಕೇಳುತ್ತದೆ: ಆಗ ಅಪ್ಪನ ಮಾತು ಮೀರಿದ್ದು ಸರಿಯಾದರೆ ಈಗ ಕೇಳಿದ್ದು ಹೇಗೆ ಸರಿ? ಸರಣಿ ಮಾಡುವವರಿಗೆ ಇದಕ್ಕಿಂತ ದೊಡ್ಡ ಅವಕಾಶ ಸಿಗದು. ಎರಡನೆಯ ಭಾಗ ಮೊದಲಿನದರ ಮೇಲೆ ಹೊಸ ಬೆಳಕು ಬೀರುವ ಗಂಟು ಪುರಾಣದಲ್ಲೇ ಇದೆ.

ಮಕ್ಕಳ ಚಿತ್ರಕ್ಕೆ ತಾಯಿಯ ಶಿರಚ್ಛೇದ ತರಬಹುದೇ ಎಂಬ ಆಕ್ಷೇಪ ಬರುತ್ತದೆ. ಕರುಳು ಬಗೆದದ್ದನ್ನು ತೋರಿಸಿ ಗೆದ್ದವರು ಅದನ್ನು ಹೇಳಲಾರರು. ಜಾತ್ರೆಯಲ್ಲಿ ತಾಯಿಯ ಸೆರಗು ಹಿಡಿದು ನಿಂತ ಮಕ್ಕಳು ಈ ಕತೆಯನ್ನು ಕೇಳಿಯೇ ಬೆಳೆದಿದ್ದಾರೆ. ಅಳುಕಬೇಕಾದದ್ದು ರಕ್ತಕ್ಕಲ್ಲ, ತೀರ್ಪಿಗೆ. ರೇಣುಕೆಯನ್ನು ತಪ್ಪಿತಸ್ಥೆಯೆಂದು ಒಂದೇ ಮಾತಿನಲ್ಲಿ ಮುಗಿಸಿ, ವರದಿಂದ ಎಬ್ಬಿಸಿ, ಕಾರ್ತವೀರ್ಯನ ಯುದ್ಧಕ್ಕೆ ಓಡಿದರೆ ಅದು ಸುಳ್ಳಾಗುತ್ತದೆ. ಯಲ್ಲಮ್ಮನ ಹೆಸರಿನಲ್ಲಿ ಹೆಣ್ಣುಮಕ್ಕಳನ್ನು ಬಿಡುತ್ತಿದ್ದ ಸೀಮೆ ಇದು; ಅದನ್ನು ತಡೆಯಲು ಸರ್ಕಾರ 1982ರಲ್ಲಿ ದೇವದಾಸಿ ಸಮರ್ಪಣೆ ನಿಷೇಧ ಕಾಯ್ದೆ ತರಬೇಕಾಯಿತು. ಆಕೆಯ ಕತೆಯನ್ನು ಹೇಗೆ ಹೇಳುತ್ತೇವೆ ಎಂಬುದಕ್ಕೆ ಇಲ್ಲಿ ಜೀವಂತ ಹೆಂಗಸರು ಬೆಲೆ ತೆತ್ತಿದ್ದಾರೆ.

'ಪರಶುರಾಮ'ದ ತಂತ್ರ 'ನರಸಿಂಹ'ಕ್ಕಿಂತ ಮೇಲಾಗುವುದು ಬಹುತೇಕ ಖಚಿತ. ಹಣ ಬಂದಿದೆ, ಕೈ ಪಳಗಿದೆ, ಮುಖಗಳೂ ಈ ಸಲ ಮರಗಟ್ಟಲಾರವು. ಅಷ್ಟಕ್ಕೇ ಅದು ಮೊದಲಿನದಕ್ಕೆ ಸಾಟಿಯಾಗದು. ಸಾವಿರ ತೋಳುಗಳನ್ನು ಎಷ್ಟು ಚಂದ ಕತ್ತರಿಸಿದರು ಎಂಬುದನ್ನು ಬೇರೆಯವರು ನೋಡಿಕೊಳ್ಳಲಿ. ಕಣ್ಣು ಬಿಟ್ಟ ರೇಣುಕೆ ಎದುರಿಗೆ ನಿಂತ ಮಗನಿಗೆ ಏನು ಹೇಳಿದಳು ಎಂಬುದಕ್ಕೆ ಚಿತ್ರ ಎಷ್ಟು ನಿಮಿಷ ಕೊಟ್ಟಿದೆ ಎಂದು ಅಥಣಿಯ ಪ್ರೇಕ್ಷಕ ನೋಡಲಿ. ಆ ನಿಮಿಷಗಳಿದ್ದರೆ ಈ ಪಂಥಕ್ಕೆ ಮೊದಲ ಬಾರಿಗೆ ನಿಜವಾದ ಎರಡನೆಯ ಭಾಗ ದಕ್ಕುತ್ತದೆ. ಇಲ್ಲದಿದ್ದರೆ 2037ರವರೆಗೆ ಪಟ್ಟಿಯಲ್ಲಿರುವುದು ಒಂದೇ ಚಿತ್ರದ ಬೇರೆ ಬೇರೆ ವೇಷಗಳು.