ಐಎನ್‌ಎಸ್ ಮೈಸೂರು ಮತ್ತು ದೆಹಲಿ ವರ್ಗದ ಯುದ್ಧನೌಕೆಗಳು

ಭಾರತದಲ್ಲೇ ವಿನ್ಯಾಸಗೊಂಡು ಭಾರತದಲ್ಲೇ ಕಟ್ಟಲಾದ ಮೊದಲ ನಿರ್ದೇಶಿತ ಕ್ಷಿಪಣಿ ವಿಧ್ವಂಸಕ ನೌಕೆಗಳು ದೆಹಲಿ ವರ್ಗದವು. ಈ ವರ್ಗದಲ್ಲಿರುವುದು ಮೂರೇ ನೌಕೆ: ಐಎನ್‌ಎಸ್ ದೆಹಲಿ, ಐಎನ್‌ಎಸ್ ಮೈಸೂರು, ಐಎನ್‌ಎಸ್ ಮುಂಬೈ. ಪ್ರಾಜೆಕ್ಟ್ 15 ಎಂಬ ಹೆಸರಿನಲ್ಲಿ ನಡೆದ ಈ ಯೋಜನೆಯ ಮೂರೂ ಹಡಗುಗಳನ್ನು ಕಟ್ಟಿದ್ದು ಮುಂಬೈನ ಮಜಗಾಂವ್ ಡಾಕ್. ಉದ್ದ 163 ಮೀಟರ್, ಅಗಲ 17 ಮೀಟರ್, ಪೂರ್ತಿ ಭಾರ ಹೊತ್ತಾಗ ತೂಕ ಸುಮಾರು 6,700 ಟನ್. ಸೇವೆಗೆ ಸೇರಿದ ಕಾಲಕ್ಕೆ ದೇಶದಲ್ಲಿ ಕಟ್ಟಿದ ಯುದ್ಧನೌಕೆಗಳಲ್ಲೆಲ್ಲ ಇವೇ ದೊಡ್ಡವು. ಹೊತ್ತ ಕ್ಷಿಪಣಿಗಳಿಂದಷ್ಟೇ ಅಳೆದರೆ ಈ ವರ್ಗವನ್ನು ಸಾಧಾರಣ ಎನ್ನಬೇಕಾದೀತು. ಇದರ ನಿಜವಾದ ಬೆಲೆ ಇರುವುದು ಒಡಲಿನಲ್ಲಿ, ಆ ಒಡಲನ್ನು ರೂಪಿಸಲು ಕಲಿತ ಕೈಗಳಲ್ಲಿ.

ಈ ಕಲಿಕೆ ಒಮ್ಮೆಗೇ ಬಂದದ್ದಲ್ಲ. 1972ರಲ್ಲಿ ಸೇವೆಗೆ ಬಂದ ಐಎನ್‌ಎಸ್ ನೀಲಗಿರಿ ಬ್ರಿಟಿಷ್ ಲಿಯಾಂಡರ್ ಫ್ರಿಗೇಟಿನ ನಕ್ಷೆಯನ್ನು ಮುಂದಿಟ್ಟುಕೊಂಡು ಕಟ್ಟಿದ ಹಡಗು. 1983ರ ಗೋದಾವರಿಯಲ್ಲಿ ಒಡಲು ಭಾರತದ್ದಾಯಿತು, ಕ್ಷಿಪಣಿ ಸೋವಿಯತ್ ಒಕ್ಕೂಟದ್ದು, ಎಲೆಕ್ಟ್ರಾನಿಕ್ ಸಲಕರಣೆಗಳಲ್ಲಿ ಹಲವು ಪಶ್ಚಿಮ ದೇಶಗಳವು. ಒಂದರ ಜತೆ ಒಂದು ಮಾತಾಡದ ಯಂತ್ರಗಳನ್ನು ಒಂದೇ ಹಡಗಿನಲ್ಲಿ ಹೊಂದಿಸುವ ವಿದ್ಯೆಯನ್ನು ನೌಕಾ ವಿನ್ಯಾಸ ನಿರ್ದೇಶನಾಲಯ ಅಲ್ಲಿ ಕಲಿಯಿತು. ಇದೇ ಹೊತ್ತಿಗೆ, 1980ರಿಂದ, ರಜಪೂತ್ ವರ್ಗದ ಐದು ಸೋವಿಯತ್ ವಿಧ್ವಂಸಕಗಳು ಸಿದ್ಧರೂಪದಲ್ಲಿ ಬಂದವು. ದೆಹಲಿ ವರ್ಗ ಈ ಎರಡೂ ಧಾರೆಗಳು ಕೂಡಿದ ಜಾಗ. ಮೊದಲು ಗೋದಾವರಿಯ ಮುಂದುವರಿಕೆ ಎಂದು ಆರಂಭವಾದ ಚಿಂತನೆ, ಸೋವಿಯತ್ ಕಡೆಯಿಂದ ಹೊಸ ಆಯುಧಗಳೂ ಗ್ಯಾಸ್ ಟರ್ಬೈನ್‌ಗಳೂ ಸಿಗುತ್ತವೆಂದು ಗೊತ್ತಾದ ಮೇಲೆ ವಿಧ್ವಂಸಕ ನೌಕೆಯಾಗಿ ಬೆಳೆಯಿತು. ರಷ್ಯಾದ ಸೆವೆರ್ನೊಯೆ ವಿನ್ಯಾಸ ಸಂಸ್ಥೆ ಸಲಹೆ ನೀಡಿತು.

ದೆಹಲಿಯ ಕೀಲ್ ಹಾಕಿದ್ದು 1987ರ ನವೆಂಬರ್‌ನಲ್ಲಿ, ನೀರಿಗಿಳಿಸಿದ್ದು 1991ರ ಫೆಬ್ರುವರಿ 1ರಂದು, ಸೇವೆಗೆ ಸೇರಿಸಿದ್ದು 1997ರ ನವೆಂಬರ್ 15ರಂದು. ಹತ್ತು ವರ್ಷ! ಒಡಲು ಸಿದ್ಧವಾದ ವರ್ಷವೇ ಸೋವಿಯತ್ ಒಕ್ಕೂಟ ಒಡೆಯಿತು. ಆಯುಧ ಒಂದು ದೇಶದ್ದು, ಎಂಜಿನ್ ಇನ್ನೊಂದು ದೇಶದ್ದು ಎಂಬಂತಾಯಿತು. ಹಡಗನ್ನು ಓಡಿಸುವ ನಾಲ್ಕು ಜೋರ್ಯಾ ಗ್ಯಾಸ್ ಟರ್ಬೈನ್‌ಗಳು ಬರುವ ಮೈಕೊಲಾಯಿವ್ ನಗರ ಉಕ್ರೇನಿನ ಪಾಲಾಯಿತು. ಮೈಸೂರು 1999ರ ಜೂನ್ 2ರಂದು, ಮುಂಬೈ 2001ರ ಜನವರಿ 22ರಂದು ಸೇರ್ಪಡೆಯಾದವು. ವಿಳಂಬದ ಹೊಣೆಯನ್ನು ಸೋವಿಯತ್ ಪತನದ ಮೇಲೆ ಪೂರ್ತಿ ಹೊರಿಸುವುದು ಸರಿಯಲ್ಲ. ಹಡಗು ಕಟ್ಟುತ್ತಿರುವಾಗಲೇ ಅದರೊಳಗಿನ ಸಲಕರಣೆ ಯಾವುದೆಂದು ತೀರ್ಮಾನಿಸುವ ರೂಢಿಯೂ ಅಷ್ಟೇ ಕಾರಣ.

ಆಯುಧಗಳ ಮಟ್ಟಿಗೆ ಹೇಳಬೇಕಾದ್ದು ಈ ಹಡಗುಗಳಿಗೆ ಮೊದಲು ಅಳವಡಿಸಿದ ಎರಡು ಕ್ಷಿಪಣಿಗಳ ಬಗ್ಗೆ. ಶತ್ರು ಹಡಗಿನ ಮೇಲೆ ಪ್ರಯೋಗಿಸುವ 16 ಉರಾನ್ ಕ್ಷಿಪಣಿಗಳು ನೀರಿನಿಂದ ಕೆಲವೇ ಮೀಟರ್ ಎತ್ತರದಲ್ಲಿ ಸುಮಾರು 130 ಕಿ.ಮೀ. ದೂರ ಹಾರಿ, ಕೊನೆಯ ಹಂತದಲ್ಲಿ ತಮ್ಮದೇ ರೇಡಾರಿನಿಂದ ಗುರಿ ಹುಡುಕಿಕೊಳ್ಳುತ್ತವೆ. ಮೈಸೂರು ಸೀಮೆಯ ಓದುಗರಿಗೆ ರಾಕೆಟ್ ಎಂದರೆ ಮೊದಲು ನೆನಪಾಗುವುದು ಪಕ್ಕದ ಶ್ರೀರಂಗಪಟ್ಟಣ. ಕಬ್ಬಿಣದ ಕೊಳವೆಗೆ ಮದ್ದು ತುಂಬಿ, ಉದ್ದನೆಯ ಬಿದಿರಿಗೆ ಕಟ್ಟಿ ಹಾರಿಸುತ್ತಿದ್ದ ಮೈಸೂರಿನ ರಾಕೆಟ್‌ಗಳು 1780ರ ಪೊಲ್ಲಿಲೂರು ಕದನದಲ್ಲಿ ಇಂಗ್ಲಿಷರನ್ನು ಕಂಗೆಡಿಸಿದವು. 1799ರಲ್ಲಿ ಶ್ರೀರಂಗಪಟ್ಟಣ ಬ್ರಿಟಿಷರ ವಶವಾದ ನಂತರ ಅವುಗಳ ಮಾದರಿಗಳು ಇಂಗ್ಲೆಂಡಿಗೆ ಹೋಗಿ ಕಾಂಗ್ರೀವ್ ರಾಕೆಟ್‌ಗಳಿಗೆ ದಾರಿಯಾದವು. ಆದರೆ ಹಾರಿದ ಮೇಲೆ ಆ ರಾಕೆಟ್ ಗಾಳಿಯ ವಶ; ದಿಕ್ಕು ತಿದ್ದುವ ಉಪಾಯ ಇರಲಿಲ್ಲ. ಹಾರುತ್ತಲೇ ದಾರಿ ತಿದ್ದಿಕೊಳ್ಳುವ ಶಕ್ತಿಯೇ ಆ ರಾಕೆಟ್‌ಗೂ ಈ ಉರಾನ್‌ಗೂ ನಡುವಿನ ಅಂತರ.

ವಿಮಾನ ಮತ್ತು ಕ್ಷಿಪಣಿಗಳನ್ನು ಹೊಡೆದುರುಳಿಸುವ ಶ್ಟಿಲ್ ವ್ಯವಸ್ಥೆಯಲ್ಲಿ ಈ ವರ್ಗದ ದೌರ್ಬಲ್ಯ ಎದ್ದು ಕಾಣುತ್ತದೆ. ಹಡಗಿನ ಮುಂದೊಂದು, ಹಿಂದೊಂದು ಉಡಾವಣಾ ತೋಳು; ಪ್ರತಿಯೊಂದರ ಕೆಳಗಿನ ಉಗ್ರಾಣದಲ್ಲಿ 24 ಕ್ಷಿಪಣಿ. ತೋಳಿನ ಮೇಲೆ ಒಮ್ಮೆಗೆ ಒಂದೇ ಕ್ಷಿಪಣಿ ಕೂರುತ್ತದೆ. ಅದನ್ನು ಹಾರಿಸಿ ಮತ್ತೊಂದನ್ನು ಏರಿಸಲು ಹತ್ತು ಹನ್ನೆರಡು ಸೆಕೆಂಡು ಬೇಕು. ಅಷ್ಟರಲ್ಲಿ ಶಬ್ದದ ವೇಗಕ್ಕಿಂತ ತುಸು ಕಡಿಮೆ ವೇಗದಲ್ಲಿ ನುಗ್ಗಿ ಬರುವ ಶತ್ರು ಕ್ಷಿಪಣಿ ಸುಮಾರು ಮೂರು ಕಿ.ಮೀ. ಹತ್ತಿರವಾಗಿರುತ್ತದೆ. ಜತೆಗೆ, ಹಾರಿಸಿದ ಕ್ಷಿಪಣಿ ಗುರಿ ಮುಟ್ಟುವವರೆಗೂ ಹಡಗಿನ ರೇಡಾರ್ ಆ ಗುರಿಯ ಮೇಲೆ ಕಿರಣ ಬೀರುತ್ತಲೇ ಇರಬೇಕು. ಇದಕ್ಕೆಂದೇ ಇರುವ ರೇಡಾರ್‌ಗಳು ಆರು. ಏಕಕಾಲಕ್ಕೆ ಹಲವು ದಿಕ್ಕಿನಿಂದ ದಾಳಿಯಾದರೆ ಈ ಏರ್ಪಾಡು ಸಾಲದು. ಮುಂದೆ ಇಸ್ರೇಲಿನ ಬರಾಕ್-1 ಕ್ಷಿಪಣಿಗಳನ್ನು ಅಳವಡಿಸಿದ್ದು ಸಮೀಪ ರಕ್ಷಣೆಯ ಕೊರತೆಯನ್ನು ಒಂದಷ್ಟು ತುಂಬಿತು. ರೇಡಾರ್, ಆಂಟೆನಾಗಳು ಮೇಲ್ಭಾಗದಲ್ಲಿ ಕಿಕ್ಕಿರಿದ ಈ ಹಡಗು ಶತ್ರು ರೇಡಾರಿಗೆ ಬೇಗ ಕಾಣಿಸಿಕೊಳ್ಳುವಂಥದ್ದು ಎಂಬುದನ್ನೂ ಒಪ್ಪಬೇಕು.

ನೀರಿನಡಿಯ ಜಲಾಂತರ್ಗಾಮಿಗಳ ಸದ್ದು ಹಿಡಿಯುವ ಸೋನಾರ್ ವಿಷಯದಲ್ಲಿ ಕತೆ ಬೇರೆ. ಕೊಚ್ಚಿಯ ನೌಕಾ ಪ್ರಯೋಗಾಲಯ ರೂಪಿಸಿದ ಸೋನಾರ್‌ಗಳನ್ನು ಬೆಂಗಳೂರಿನ ಬಿಇಎಲ್ ತಯಾರಿಸಿಕೊಡುವ ಪರಂಪರೆ ಗೋದಾವರಿಯ ಕಾಲಕ್ಕೇ ಶುರುವಾಗಿತ್ತು. ಕರ್ನಾಟಕದ ಕಾರ್ಖಾನೆಯೊಂದು ಈ ನೌಕೆಗಳಿಗೆ ಕಿವಿ ಕೊಟ್ಟಿತು ಎಂಬುದು ಹೆಸರಿನ ಸಂಬಂಧಕ್ಕಿಂತ ಗಟ್ಟಿಯಾದ ಸಂಬಂಧ.

ಹೆಸರಿಗೂ ತನ್ನದೇ ಇತಿಹಾಸವಿದೆ. ಮೊದಲ ಐಎನ್‌ಎಸ್ ಮೈಸೂರು ಬ್ರಿಟಿಷರ ಎಚ್‌ಎಂಎಸ್ ನೈಜೀರಿಯಾ ಎಂಬ ಕ್ರೂಸರ್; ಎರಡನೇ ಮಹಾಯುದ್ಧ ಕಂಡ ಹಡಗು. ಭಾರತ ಅದನ್ನು ಕೊಂಡು 1957ರ ಆಗಸ್ಟ್‌ನಲ್ಲಿ ಸೇವೆಗೆ ಸೇರಿಸಿತು. 1961ರ ಡಿಸೆಂಬರ್‌ನಲ್ಲಿ ಕಾರವಾರದ ಎದುರಿನ ಅಂಜದೀವ್ ದ್ವೀಪವನ್ನು ಪೋರ್ಚುಗೀಸರಿಂದ ಬಿಡಿಸುವ ಕಾರ್ಯಾಚರಣೆಯಲ್ಲಿ ಅದು ಐಎನ್‌ಎಸ್ ತ್ರಿಶೂಲ್ ಜತೆಗಿತ್ತು. 1971ರ ಯುದ್ಧದಲ್ಲಿ ಪಶ್ಚಿಮ ನೌಕಾಬಳಗದ ಧ್ವಜನೌಕೆಯಾಗಿ, 1985ರಲ್ಲಿ ನಿವೃತ್ತಿಯಾಯಿತು. ಮೈಸೂರು ಅರಸರ ಗಂಡಭೇರುಂಡ ಲಾಂಛನ ಆ ಹಡಗಿನಿಂದ ಈ ಹಡಗಿಗೆ ಬಂತು.

ಎರಡನೇ ಮೈಸೂರು 2008ರ ಡಿಸೆಂಬರ್ 13ರಂದು ಏಡನ್ ಕೊಲ್ಲಿಯಲ್ಲಿ, ಎಂವಿ ಗಿಬೆ ಎಂಬ ಇಥಿಯೋಪಿಯಾದ ಹಡಗಿಗೆ ಮುತ್ತಿಗೆ ಹಾಕುತ್ತಿದ್ದ 23 ಕಡಲ್ಗಳ್ಳರನ್ನು ಸೆರೆಹಿಡಿಯಿತು. 2011ರಲ್ಲಿ ಲಿಬಿಯಾದ ಅಂತರ್ಯುದ್ಧದಿಂದ ಭಾರತೀಯರನ್ನು ಕರೆತರಲು ಹೊರಟ ನೌಕೆಗಳಲ್ಲಿ ಅದೂ ಇತ್ತು. ಒಡಹುಟ್ಟಿದ ಮುಂಬೈ 2006ರಲ್ಲಿ ಲೆಬನಾನ್‌ಗೆ, 2015ರಲ್ಲಿ ಯೆಮೆನ್‌ಗೆ ಇಂಥದ್ದೇ ಕೆಲಸಕ್ಕೆ ಹೋಯಿತು. ಕ್ಷಿಪಣಿಗಾಗಿ ಕಟ್ಟಿದ ಹಡಗುಗಳು ಹೆಚ್ಚು ನೆನಪಿನಲ್ಲಿ ಉಳಿದಿರುವುದು ಜನರನ್ನು ಮನೆಗೆ ಮುಟ್ಟಿಸಿದ್ದಕ್ಕೆ. ಇದು ಕಡಿಮೆ ಸಾಧನೆಯಲ್ಲ. ತಿಂಗಳುಗಟ್ಟಲೆ ದೂರದ ಕಡಲಲ್ಲಿ ನಿಲ್ಲಬಲ್ಲ ದೊಡ್ಡ, ಗಟ್ಟಿ ಒಡಲಿಗೆ ಮಾತ್ರ ಸಾಧ್ಯವಾದದ್ದು.

ಆ ಒಡಲನ್ನೇ ಆಧಾರವಾಗಿಟ್ಟು ಪ್ರಾಜೆಕ್ಟ್ 15ಎ ರೂಪುಗೊಂಡಿತು. 2014ರಲ್ಲಿ ಬಂದ ಐಎನ್‌ಎಸ್ ಕೋಲ್ಕತಾದ ಉದ್ದವೂ 163 ಮೀಟರೇ. ಆದರೆ ಮೇಲ್ಭಾಗ ನುಣುಪಾಯಿತು, ಉರಾನ್ ಜಾಗಕ್ಕೆ ಬ್ರಹ್ಮೋಸ್ ಬಂತು, ತೋಳಿನ ಬದಲು ನೆಟ್ಟಗೆ ಮೇಲಕ್ಕೆ ಚಿಮ್ಮುವ 32 ಬರಾಕ್-8 ಕ್ಷಿಪಣಿಗಳು ಬಂದವು. ಶ್ಟಿಲ್‌ನ ಎರಡೂ ಕೊರತೆಗಳಿಗೆ ಇದೇ ಉತ್ತರ. ನಂತರದ 15ಬಿ ಯೋಜನೆಯ ನಾಲ್ಕು ನೌಕೆಗಳಲ್ಲಿ ಕೊನೆಯದಾದ ಐಎನ್‌ಎಸ್ ಸೂರತ್ 2025ರ ಜನವರಿಯಲ್ಲಿ ಸೇರಿತು. ಹಳೆಯ ದೆಹಲಿಯನ್ನೂ ನವೀಕರಿಸಿ, 2022ರ ಏಪ್ರಿಲ್‌ನಲ್ಲಿ ಅದರಿಂದ ಬ್ರಹ್ಮೋಸ್ ಹಾರಿಸಲಾಯಿತು.

ವೇಗದ ಪಾಠ ಮಾತ್ರ ನಿಧಾನಕ್ಕೆ ಬಂತು. ಕೋಲ್ಕತಾದ ಕೀಲ್ ಹಾಕಿದ್ದು 2003ರಲ್ಲಿ. ಅದಕ್ಕೆ ದೆಹಲಿಗಿಂತಲೂ ಹೆಚ್ಚು ಕಾಲ ಹಿಡಿಯಿತು. 2019ರಲ್ಲಿ ಕೀಲ್ ಹಾಕಿದ ಸೂರತ್ ಐದು ವರ್ಷದಲ್ಲಿ ಮುಗಿಯಿತು. ಸ್ವದೇಶಿ ಪಾಲು ದೆಹಲಿ ವರ್ಗದಲ್ಲಿ ಶೇ 42 ಇದ್ದದ್ದು 15ಎಯಲ್ಲಿ ಶೇ 59ಕ್ಕೆ, 15ಬಿಯಲ್ಲಿ ಶೇ 72ಕ್ಕೆ ಏರಿದೆ. ಈ ಏರಿಕೆಗೆ ತಳಪಾಯ ಹಾಕಿದ್ದು ಪ್ರಾಜೆಕ್ಟ್ 15, ಅದರಲ್ಲಿ ಸಂಶಯವಿಲ್ಲ. ಆದರೆ 1987ರಲ್ಲಿ ಆರಂಭವಾದ ಈ ಸರಣಿಯ ಸೂರತ್‌ವರೆಗಿನ ಹತ್ತೂ ನೌಕೆಗಳನ್ನು ಓಡಿಸುತ್ತಿರುವುದು ಉಕ್ರೇನಿನ ಜೋರ್ಯಾ ಟರ್ಬೈನ್‌ಗಳೇ. ಒಡಲು, ಕಿವಿ, ಕ್ಷಿಪಣಿ ಒಂದೊಂದಾಗಿ ಕೈವಶವಾದರೂ ಎಂಜಿನ್ ಇನ್ನೂ ಹೊರಗಿನದೇ.