ಹತ್ತು ಹೊಸ ಹಾಡುಗಳು: ಮರಳಿ ಬಂದ ದನಿಯನ್ನು ಕೇಳುವ ಬಗೆ

ಹಾಡನ್ನು ತಾನೇ ಬರೆದು, ಧಾಟಿಯನ್ನು ತಾನೇ ಕಟ್ಟಿ, ತನ್ನದೇ ಕಂಠದಲ್ಲಿ ಹಾಡುವ ಗಾಯಕ-ಗೀತಕಾರರ ಪರಂಪರೆ 1960ರ ದಶಕದಲ್ಲಿ ಉತ್ತರ ಅಮೆರಿಕದಲ್ಲಿ ಬಲಿಯಿತು. ನಿಸಾರ್ ಅಹಮದ್ ಬರೆದದ್ದಕ್ಕೆ ಮೈಸೂರು ಅನಂತಸ್ವಾಮಿ ರಾಗ ಹಾಕಿ, ಅದನ್ನು ಹತ್ತಾರು ಕಂಠಗಳು ಹಾಡುವ ಭಾವಗೀತೆಯ ಏರ್ಪಾಡಿಗೆ ಒಗ್ಗಿದ ಕಿವಿಗೆ ಈ ಪ್ರಕಾರ ಮೊದಲಿಗೆ ಬಡವಾಗಿ ಕೇಳಿಸುವುದುಂಟು. ಮಾತು, ಧಾತು ಎರಡನ್ನೂ ರಚಿಸುವ ವಾಗ್ಗೇಯಕಾರನ ಕಲ್ಪನೆ ಇದಕ್ಕೆ ಹತ್ತಿರದ್ದೇ. ಆದರೆ ವಾಗ್ಗೇಯಕಾರನ ಕೃತಿ ಶಿಷ್ಯರ ಬಾಯಲ್ಲಿ ಬೆಳೆಯುತ್ತ ಹೋದರೆ, ಇಲ್ಲಿ ಬರೆದವನೇ ಹಾಡಿದ ಧ್ವನಿಮುದ್ರಿಕೆಯೇ ಮೂಲಪಾಠವಾಗಿ ನಿಲ್ಲುವುದರಿಂದ, ಹಾಡುವವನ ವಯಸ್ಸು, ಉಸಿರು, ಗಂಟಲಿನ ಒರಟು ಎಲ್ಲವೂ ಕೃತಿಯ ಭಾಗವಾಗುತ್ತವೆ. ಹಿರಿಯ ಗೀತಕಾರನೊಬ್ಬ ದೀರ್ಘ ಮೌನದ ನಂತರ ಹೊಸ ಆಲ್ಬಮ್ಮಿನೊಂದಿಗೆ ಮರಳಿದಾಗ, ಹಳೆಯ ಕಂಠ ಉಳಿದಿದೆಯೇ ಎಂದು ತೂಗಿ ನೋಡುವ ಅಭ್ಯಾಸವನ್ನು ರಸಿಕ ಮೊದಲು ಬಿಡಬೇಕಾಗುವುದು ಇದೇ ಕಾರಣಕ್ಕೆ.

ಇದನ್ನು ಕಲಿಯಲು ಕೆನಡಾದ ಲೆನಾರ್ಡ್ ಕೋಹೆನ್ 2001ರ ಅಕ್ಟೋಬರ್‌ನಲ್ಲಿ ಹೊರತಂದ 'ಟೆನ್ ನ್ಯೂ ಸಾಂಗ್ಸ್' ಒಳ್ಳೆಯ ಪಠ್ಯ. ಮಾಂಟ್ರಿಯಲ್‌ನಲ್ಲಿ 1934ರಲ್ಲಿ ಹುಟ್ಟಿದ ಕೋಹೆನ್ ಮೊದಲು ಕವಿ ಮತ್ತು ಕಾದಂಬರಿಕಾರ. ಮೊದಲ ಕವನಸಂಕಲನ 1956ರಲ್ಲಿ ಬಂದರೆ, ಮೊದಲ ಆಲ್ಬಮ್ ಬಂದದ್ದು 1967ರ ಕೊನೆಯಲ್ಲಿ, ಮೂವತ್ತಮೂರು ದಾಟಿದ ಮೇಲೆ. 1992ರ 'ದಿ ಫ್ಯೂಚರ್' ನಂತರ ಅವರು ಲಾಸ್ ಏಂಜಲೀಸ್ ಸಮೀಪದ ಮೌಂಟ್ ಬಾಲ್ಡಿಯ ಜೆನ್ ಮಠ ಸೇರಿ, ಜಪಾನಿ ಗುರು ಸಸಾಕಿ ರೋಶಿಯವರ ಬಳಿ ಸುಮಾರು ಐದು ವರ್ಷ ಇದ್ದು, 1996ರಲ್ಲಿ ಭಿಕ್ಷು ದೀಕ್ಷೆಯನ್ನೂ ಪಡೆದರು. 1999ರಲ್ಲಿ ಬೆಟ್ಟವಿಳಿದು ಮುಂಬಯಿಗೆ ಬಂದು, ಬ್ಯಾಂಕಿನ ಉನ್ನತ ಹುದ್ದೆಯಿಂದ ನಿವೃತ್ತರಾಗಿದ್ದ ಅದ್ವೈತಿ ರಮೇಶ ಬಾಲ್ಸೇಕರ್ ಅವರ ಸತ್ಸಂಗದಲ್ಲಿ ಕುಳಿತದ್ದೂ ಉಂಟು. ಹೊಸ ಆಲ್ಬಮ್ ಬರುವಾಗ ವಯಸ್ಸು ಅರವತ್ತೇಳು.

ಮೊದಲು ಗಮನಿಸಬೇಕಾದದ್ದು ದನಿಯನ್ನು. ಆರಂಭದ ಆಲ್ಬಮ್ಮುಗಳಲ್ಲಿ ಕೋಹೆನ್ ನೈಲಾನ್ ತಂತಿಯ ಗಿಟಾರನ್ನು ಬೆರಳುಗಳಿಂದ ಬಿಡುವಿಲ್ಲದೆ ಮೀಟುತ್ತ, ಅದರ ಮೇಲೆ ತೆಳುವಾದ, ಕೊಂಚ ಅಳುಕುವ ದನಿಯನ್ನು ಹರಿಬಿಡುತ್ತಿದ್ದರು. ವಯಸ್ಸು, ಸಿಗರೇಟು ಎರಡೂ ಸೇರಿ ಆ ದನಿಯನ್ನು ಮಂದ್ರಕ್ಕೆ ಇಳಿಸಿದ್ದವು. 2001ರಲ್ಲಿ ಅದು ಹಾಡಿಗಿಂತ ಮಾತಿಗೇ ಹೆಚ್ಚು ಸಮೀಪ. ಸ್ವರಗಳ ನಡುವಿನ ಓಡಾಟ ಇಷ್ಟು ಕಿರಿದಾದ ಮೇಲೆ ಧಾಟಿಯನ್ನು ಹೊರುವವರು ಯಾರು ಎಂಬ ಪ್ರಶ್ನೆಗೆ ಉತ್ತರ ಶರೋನ್ ರಾಬಿನ್‌ಸನ್. ಹತ್ತೂ ಹಾಡುಗಳ ಸಹರಚನೆಕಾರ್ತಿಯೂ ಆಲ್ಬಮ್ಮಿನ ನಿರ್ಮಾಪಕಿಯೂ ಆದ ಅವರು ಕೋಹೆನ್‌ಗೆ ಹಿಂದೆ ಸಹಗಾಯನ ಮಾಡುತ್ತಿದ್ದವರು. ಇಲ್ಲಿ ಅವರ ಚಿತ್ರವೂ ಮುಖಪುಟಕ್ಕೆ ಬಂದಿದೆ. ಅವರ ಕಂಠ ಧಾಟಿಯನ್ನು ಮೇಲೆ ಎತ್ತಿ ಹಿಡಿದಿರುವಾಗ ಕೋಹೆನ್ ಅದರ ಬುಡದಲ್ಲಿ ಪದಗಳನ್ನು ಒಂದೊಂದಾಗಿ ಇಡುತ್ತಾರೆ. ಹೊಸಬರು ಒಂದು ಹಾಡನ್ನು ಎರಡು ಸಲ ಕೇಳಬೇಕು: ಒಮ್ಮೆ ಆಕೆಯನ್ನೇ ಹಿಂಬಾಲಿಸಿ, ಇನ್ನೊಮ್ಮೆ ಆತನನ್ನೇ ಹಿಂಬಾಲಿಸಿ.

ವಾದ್ಯಗಳ ಬಗ್ಗೆ ಒಂದು ಎಚ್ಚರಿಕೆ ಅಗತ್ಯ. ವಿದ್ಯುತ್ ತರಂಗಗಳಿಂದ ನಾದ ಹುಟ್ಟಿಸುವ ಸಿಂಥಸೈಜರ್ ಮತ್ತು ಯಂತ್ರದ ತಾಳ ಈ ಆಲ್ಬಮ್ಮನ್ನು ಬಹುಮಟ್ಟಿಗೆ ಆವರಿಸಿವೆ. ಮನೆಯ ಸಣ್ಣ ಸ್ಟುಡಿಯೋದಲ್ಲಿ ರಾಬಿನ್‌ಸನ್ ನುಡಿಸಿದ ಕರಡು ಪಕ್ಕವಾದ್ಯವನ್ನೇ ಕೋಹೆನ್ ಮೆಚ್ಚಿ ಉಳಿಸಿಕೊಂಡರು. ಅದರಿಂದ ಪದಗಳಿಗೆ ಜಾಗ ಸಿಕ್ಕಿತೆಂಬುದು ನಿಜವಾದರೂ, ಲಯದ ಹದ ಹಾಡಿನಿಂದ ಹಾಡಿಗೆ ಬಹಳವಾಗಿ ಬದಲಾಗದೆ ನಡುಭಾಗ ಜೋಲುತ್ತದೆಂಬುದೂ ಅಷ್ಟೇ ನಿಜ; ಮರಳಿದವರ ಮೇಲಿನ ಗೌರವಕ್ಕಾಗಿ ರಸಿಕ ಈ ದೋಷವನ್ನು ಮುಚ್ಚಿಡಬೇಕಿಲ್ಲ.

ಸಾಹಿತ್ಯದ ಕಡೆಗೆ ಬಂದರೆ 'ಅಲೆಕ್ಸಾಂಡ್ರಾ ಲೀವಿಂಗ್' ಹಾಡೊಂದೇ ಸಾಕಷ್ಟು ಕಲಿಸುತ್ತದೆ. ಅದಕ್ಕೆ ಆಧಾರವಾದ, ಅಲೆಕ್ಸಾಂಡ್ರಿಯಾದ ಗ್ರೀಕ್ ಕವಿ ಕವಾಫಿ ಬರೆದ ಕವಿತೆಯಲ್ಲಿ, ಸೋಲಿನ ಅಂಚಿನಲ್ಲಿರುವ ರೋಮನ್ ಸೇನಾನಿ ಆಂಟನಿಗೆ ನಡುರಾತ್ರಿಯಲ್ಲಿ ಕಣ್ಣಿಗೆ ಕಾಣದ ಮೆರವಣಿಗೆಯೊಂದರ ಸಂಗೀತ ಕೇಳುತ್ತದೆ. ಕಳೆದುಹೋಗುತ್ತಿರುವ ಅಲೆಕ್ಸಾಂಡ್ರಿಯಾ ನಗರಕ್ಕಾಗಿ ಹಲುಬದೆ, ಎಲ್ಲ ಕನಸೆಂದು ತನ್ನನ್ನು ವಂಚಿಸಿಕೊಳ್ಳದೆ, ಕಿಟಕಿಯ ಬಳಿ ನಿಂತು ಅದನ್ನು ಕೇಳೆಂದು ಕವಿತೆ ಬುದ್ಧಿ ಹೇಳುತ್ತದೆ. ಕೋಹೆನ್ ನಗರವನ್ನು ಹೆಣ್ಣಾಗಿಸಿ, ಚರಿತ್ರೆಯ ಸೋಲನ್ನು ಮಲಗುಕೋಣೆಗೆ ತಂದಿದ್ದಾರೆ. ಬುದ್ಧಿಮಾತು ಮಾತ್ರ ಹಾಗೇ ಉಳಿದಿದೆ, ಆದರೆ ಅದನ್ನು ಹೇಳುವವನೇ ಕಳೆದುಕೊಂಡವನೂ ಆಗಿರಬಹುದೆಂಬ ಅನುಮಾನ ಆ ತಗ್ಗಿದ ದನಿಯಿಂದ ಹುಟ್ಟುತ್ತದೆ. ಇದೇ ಸಾಲುಗಳನ್ನು ಮೂವತ್ತರ ಗಾಯಕ ಹಾಡಿದ್ದರೆ ಜಾಣತನವೆನಿಸುತ್ತಿತ್ತು.

'ಬೂಗಿ ಸ್ಟ್ರೀಟ್' ಹಾಡನ್ನೂ ಹೀಗೆಯೇ ಹತ್ತಿರದಿಂದ ನೋಡಬಹುದು. ಹೆಸರಿನ ಹಿಂದಿರುವುದು ಸಿಂಗಪುರದ ಹಳೆಯ ವಿಲಾಸದ ಬೀದಿ. ಹಾಡಿನಲ್ಲಿ ಅದು ದುಡಿಮೆ, ಆಸೆ, ಗದ್ದಲಗಳಿಂದ ತುಂಬಿದ ಸಂಸಾರದ ಹೆಸರಾಗುತ್ತದೆ. ಹಾಡನ್ನು ರಾಬಿನ್‌ಸನ್ ಪ್ರಾರ್ಥನೆಯಂತೆ ಆರಂಭಿಸಿದರೆ, ಕೋಹೆನ್ ಬಂದು ತಾನು ಮತ್ತೆ ಆ ಬೀದಿಗೇ ಮರಳಿದ್ದೇನೆಂದು ಯಾವ ಹಳಹಳಿಕೆಯೂ ಇಲ್ಲದೆ ತಿಳಿಸುತ್ತಾರೆ. ಮಠದಿಂದ ಮರಳಿದವನ ಬಾಯಲ್ಲಿ ಜ್ಞಾನೋದಯದ ವರದಿಯನ್ನು ನಿರೀಕ್ಷಿಸಿ ಕುಳಿತ ಕೇಳುಗನಿಗೆ ಇಲ್ಲಿ ಏನೂ ಸಿಗದು.

ಇನ್ನೊಂದು ಮಾತು ಕಾಲದ ಬಗ್ಗೆ. ಆಲ್ಬಮ್ ಹೊರಬಂದಾಗ ಸೆಪ್ಟೆಂಬರ್ 11ರ ದಾಳಿ ನಡೆದು ಒಂದು ತಿಂಗಳೂ ಆಗಿರಲಿಲ್ಲವಾದ್ದರಿಂದ ಕೊನೆಯ ಹಾಡಾದ 'ದಿ ಲ್ಯಾಂಡ್ ಆಫ್ ಪ್ಲೆಂಟಿ'ಯಲ್ಲಿ ಆ ದುಃಖಕ್ಕೆ ಉತ್ತರವನ್ನು ಹುಡುಕುವುದು ಸುಲಭ, ಆದರೆ ಹಾಡುಗಳು ಮುಗಿದದ್ದು ಅದಕ್ಕೂ ಮೊದಲು.

ಹೊಸದಾಗಿ ಕೇಳುವವರು 1967ರ ಮೊದಲ ಆಲ್ಬಮ್ಮಿನ ಎರಡು ಹಾಡು, 1988ರ 'ಐ ಆಮ್ ಯುವರ್ ಮ್ಯಾನ್'ನ ಎರಡು ಹಾಡು ಕೇಳಿ, ದನಿ ಇಳಿದ ದಾರಿಯನ್ನು ಗುರುತಿಸಿಕೊಂಡು, ಆಮೇಲೆ ಸಾಹಿತ್ಯವನ್ನು ಕಣ್ಣೆದುರಿಗೆ ಇಟ್ಟುಕೊಂಡು 'ಟೆನ್ ನ್ಯೂ ಸಾಂಗ್ಸ್'ಗೆ ಬರುವುದು ಲೇಸು. ಹತ್ತನ್ನೂ ಒಂದೇ ಸಲಕ್ಕೆ ಕೇಳಿ ಮುಗಿಸಬೇಕಿಲ್ಲ. ಎರಡು ಮೂರು ಹಾಡುಗಳಿಗೆ ಒಂದು ಸಂಜೆ ಸರಿಹೋಗುತ್ತದೆ.