ತೊಟ್ಟು ಮುರಿದು ನೋಡುವ ದೊಡ್ಡಪ್ಪ

ಶಿರಸಿ ಪೇಟೆಗೆ ಅಪ್ಪೆಮಿಡಿ ಮಾವು ಬರುವ ಕಾಲವಿದು. ದೊಡ್ಡಪ್ಪ ಹೋದ ಮಳೆಗಾಲದಲ್ಲಿ ತೀರಿಕೊಂಡ. ಅವನಿಲ್ಲದೆ ನಮ್ಮ ಮನೆಯವರು ಮಿಡಿ ಆರಿಸುತ್ತಿರುವುದು ಇದೇ ಮೊದಲು. ಹಾಗಾಗಿ ಉಪ್ಪಿನಕಾಯಿಯ ಈ ಅಂಕಣ ಈ ವಾರ ಅವನ ಪಾಲಿಗೆ.

ಮಾರುವವರ ಬಾಯಲ್ಲಿ ಎಲ್ಲ ಮಿಡಿಯೂ ಹೆಸರಾಂತ ತಳಿ ಅನಂತಭಟ್ಟನ ಅಪ್ಪೆಯೇ ಎಂಬುದು ಅವನ ಹಳೆಯ ಗುಮಾನಿ. "ಹೆಸರು ಕೇಳಡ ತಮಾ, ತೊಟ್ಟು ಮುರಿ" ಎನ್ನುತ್ತಿದ್ದ. ಮುರಿದಲ್ಲಿ ಸೊನೆ ಚಿಮ್ಮಬೇಕು. ಬೆರಳಿಗೆ ಹತ್ತಿದ ಸೊನೆಯಲ್ಲಿ ಜೀರಿಗೆಯದೋ ಕರ್ಪೂರದ್ದೋ ಘಮ ಇರಬೇಕು. ಭರಣಿಯೊಳಗೆ ವರ್ಷಗಟ್ಟಲೆ ಉಳಿಯುವುದು ಆ ಘಮವೇ. ತೊಟ್ಟು ಕಳಚಿದ ಮಿಡಿಯಲ್ಲಿ ಸೊನೆ ಸೋರಿಹೋಗಿರುತ್ತದೆ. ಬಡಿದು ಬೀಳಿಸಿದ್ದಾದರೆ ಪೆಟ್ಟು ತಿಂದ ಜಾಗ ಮೆತ್ತಗಾಗಿ ಅಕ್ಕಪಕ್ಕದ್ದನ್ನೂ ಕೆಡಿಸುತ್ತದೆ. ಅಘನಾಶಿನಿ ದಂಡೆಯ ಎತ್ತರದ ಮರ ಹತ್ತಿ, ಗೊಂಚಲು ಕೊಯ್ದು, ಬುಟ್ಟಿಯನ್ನು ಹಗ್ಗದಲ್ಲಿ ಇಳಿಸುವವರ ಹತ್ತಿರ ಮಾತ್ರ ಅವನ ವ್ಯಾಪಾರ. ಅಲ್ಲಿ ದರದ ಚೌಕಾಶಿ ಇಲ್ಲ. ಅಡಿಕೆ ಮಾರುವಾಗ ಮಾತ್ರ ಒಂದು ರೂಪಾಯಿಗೂ ಜಗಳ!

ಅವನಿಗೆ ಇನ್ನೂ ಎರಡು ಹುಚ್ಚುಗಳಿದ್ದವು: ಶಾರ್ಟ್‌ವೇವ್ ರೇಡಿಯೊ ಮತ್ತು ತಾಳಮದ್ದಳೆ. ಹತ್ತು ಕಡೆ ಕೈಹಾಕಿ ತೋಟ ಹಾಳು ಮಾಡಿಕೊಂಡ ಎಂದು ನೆಂಟರು ಆಡಿಕೊಳ್ಳುತ್ತಿದ್ದರು. ತೋಟದ ಮಾತು ಸುಳ್ಳಲ್ಲ. ಆದರೆ ಹತ್ತು ಕಡೆ ಎಂಬುದು ಸುಳ್ಳು. ಅವನ ಪಟ್ಟಿಪುಸ್ತಕ ನೋಡಿದವರಿಗೆ ಅದು ಗೊತ್ತಾಗುತ್ತದೆ.

ದೂರದ ರೇಡಿಯೊ ಕೇಂದ್ರವನ್ನು ಹಿಡಿದ ಕೇಳುಗರು ಅದು ಹೇಗೆ ಕೇಳಿಸಿತೆಂದು ಬರೆದು ಕಳಿಸುವ ಪದ್ಧತಿ ಇತ್ತು. ಅದಕ್ಕೆ ಸಿನ್ಪೊ ಎಂಬ ಅಂಕಪಟ್ಟಿ: ದನಿಯ ಬಲ, ಪಕ್ಕದ ಕೇಂದ್ರದ ಅಡ್ಡಿ, ಗದ್ದಲ, ಏರಿಳಿತ, ಒಟ್ಟು ಗುಣ. ಒಂದೊಂದಕ್ಕೂ 1ರಿಂದ 5. ಅಡ್ಡಿ ಇಲ್ಲದಿದ್ದರೆ 5. ವರದಿ ಸರಿಯಿದ್ದರೆ ಕೇಂದ್ರದವರು ಚಿತ್ರವಿರುವ ಕ್ಯೂಎಸ್‌ಎಲ್ ಕಾರ್ಡ್ ಕಳಿಸುತ್ತಿದ್ದರು. ಜಪಾನಿನದು, ನೆದರ್ಲೆಂಡ್ಸಿನದು ಅವನ ಟ್ರಂಕಿನಲ್ಲಿವೆ. ನೆದರ್ಲೆಂಡ್ಸಿನವರು 2012ರಲ್ಲಿ ಇಂಗ್ಲಿಷ್ ಪ್ರಸಾರ ನಿಲ್ಲಿಸಿದಾಗ ಮನೆಯಲ್ಲಿ ಯಾರೋ ಹೋದಂತೆ ಕೂತಿದ್ದ.

ಇದೇ ಅಂಕಪಟ್ಟಿಯನ್ನು ಅವನು ತಾಳಮದ್ದಳೆಗೂ ಹೊಂದಿಸಿಕೊಂಡಿದ್ದ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರ ಪದ ಮುಗಿದ ಮೇಲೆ ಅರ್ಥಧಾರಿ ಕೂತಲ್ಲೇ ಮಾತು ಕಟ್ಟಬೇಕು. ಎದುರಿನವ ನಡುವೆ ಬಾಯಿ ಹಾಕಿದರೆ ಅದು ಅಡ್ಡಿ. ಹಿಂದಿನ ಸಾಲಿನ ಹರಟೆ ಗದ್ದಲ. ಬೆಳಗಿನ ಜಾವ ಮಾತು ಸಡಿಲಾದರೆ ಏರಿಳಿತ. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಗೆ ಸಾಲಾಗಿ ಐದು ಐದುಗಳು. ಊರಿನ ಕೆಲವು ಕರ್ಣರಿಗೆ ಬಿದ್ದ ಅಂಕ ಇಲ್ಲಿ ಬರೆಯುವಂಥದ್ದಲ್ಲ, ಅವರ ಮಕ್ಕಳು ಈ ಪತ್ರಿಕೆ ಓದುತ್ತಾರೆ.

ಅದೇ ಪುಸ್ತಕದ ಹಿಂಬದಿಯಿಂದ ಉಪ್ಪಿನಕಾಯಿ ಶುರು. ಬಲ ಅಂದರೆ ಸೊನೆಯ ಘಮ. ಅಡ್ಡಿ ಅಂದರೆ ಸಾಸಿವೆ, ಖಾರ ಮಿಡಿಯ ಪರಿಮಳವನ್ನು ತುಳಿದದ್ದು. ಗದ್ದಲ ಇಂಗು. ಏರಿಳಿತ ತಿಳಿಯಲು ಒಂದೇ ಭರಣಿಯನ್ನು ವರ್ಷ ವರ್ಷ ತೆರೆದು ರುಚಿ ನೋಡಿ ಅಂಕ ಬರೆದಿದ್ದಾನೆ. "ಉಪ್ಪು ಹಾಕದು ಆನು, ಮಾರ್ಕು ಹಾಕದು ಇವು" ಎಂದು ದೊಡ್ಡಮ್ಮ ಸಿಡುಕುತ್ತಿದ್ದಳು. ನ್ಯಾಯ ಅವಳ ಕಡೆಗಿದೆ. ಮಿಡಿ ಒರೆಸಿ, ಹರಳುಪ್ಪಿನ ಜೊತೆ ಪದರ ಪದರವಾಗಿ ತುಂಬಿ, ಅದು ನೀರು ಬಿಟ್ಟು ಮುರುಟುವ ತನಕ ಕಾದು, ಆ ಉಪ್ಪುನೀರನ್ನೇ ಕುದಿಸಿ ಆರಿಸಿ ಅದರಲ್ಲೇ ಸಾಸಿವೆ, ಮೆಣಸು ಅರೆಯುವ ಕೆಲಸಕ್ಕೆ ದೊಡ್ಡಪ್ಪ ಒಂದು ದಿನವೂ ಕೈ ಹಚ್ಚಿದವನಲ್ಲ. ಅವನದ್ದು ಮೂಗು, ಕಿವಿ, ಪೆನ್ನು. ಆದರೆ ಅವನ ಅಂಕಗಳನ್ನು ನೋಡಿಯೇ ದೊಡ್ಡಮ್ಮ ವರ್ಷದಿಂದ ವರ್ಷಕ್ಕೆ ಸಾಸಿವೆ ಇಳಿಸುತ್ತ ಬಂದಳು, ಒಪ್ಪಿಕೊಳ್ಳಲಿಲ್ಲ ಅಷ್ಟೆ.

ಪೇಟೆಯ ಬಾಟಲಿ ಉಪ್ಪಿನಕಾಯಿ ಹೆಚ್ಚಿನದು ಸೋಲುವುದು ಈ ಅಡ್ಡಿಯ ಕಾಲಮ್ಮಿನಲ್ಲೇ. ಮಿಡಿ ಸಾಧಾರಣವಾದಷ್ಟೂ ಮಸಾಲೆ ದಪ್ಪ. ಅಪ್ಪೆಮಿಡಿಗೆ ಭೌಗೋಳಿಕ ಸೂಚಕದ ಮಾನ್ಯತೆ ಇದೆ, ಸಂತೋಷ. ಆದರೆ ಆ ಮಾನ್ಯತೆ ಬಾಟಲಿಯೊಳಗಿನ ಸಾಸಿವೆಯನ್ನು ಕಡಿಮೆ ಮಾಡುವುದಿಲ್ಲ.

ಈ ವರ್ಷ ಮಿಡಿ ಕೊಳ್ಳುವವರು ತೊಟ್ಟು ಇರುವುದನ್ನೇ ಕೊಳ್ಳಿ, ಕೊಳ್ಳುವ ಮೊದಲು ಒಂದನ್ನು ಮುರಿದು ಮೂಸಿ. ನಿಮ್ಮೂರ ಹೊಳೆದಂಡೆಯಲ್ಲಿ ಒಳ್ಳೆಯ ಘಮದ ಮರವಿದ್ದರೆ, ಟೊಂಗೆ ಸಮೇತ ಕಡಿದು ಕೊಯ್ಯುವವರು ಬರುವ ಮೊದಲೇ ಅದರ ಕಸಿಕಡ್ಡಿ ತೆಗೆದು ಎರಡು ಗಿಡ ಮಾಡಿಟ್ಟುಕೊಳ್ಳಿ.